ಪಕ್ಕದಲ್ಲಿ ಕೂರುವುದು

ಫೋನು ಬಂದಾಗ ಲವರ್ನ್ ಅಮೆರಿಕದ ಮೆಂಫಿಸ್‌ ಊರಿನ ಚರ್ಚಿನ ಅಡುಗೆಮನೆಯಲ್ಲಿ ಮೀನಿಗೆ ಮೆಕ್ಕೆಜೋಳದ ಹಿಟ್ಟು ಹಚ್ಚುತ್ತಿದ್ದಳು. ಕೈಯೆಲ್ಲ ಹಿಟ್ಟಾಗಿದ್ದರಿಂದ ಗೆಳತಿ ಒಡೆಸ್ಸಾ ಫೋನನ್ನು ಅವಳ ಕಿವಿಗೆ ಹಿಡಿದಳು. ಮಾತಾಡಿದ್ದು ಮಗ ಕೋರ್ಡೆಲ್. ಹೆಸರಾಂತ ಹಾಡುಗಾರ. "ಕಪ್ಪು ಹೆಂಗಸರ ಜೊತೆ ಬಾಳೋಕಾಗಲ್ಲ, ಬರೀ ಜಗಳ" ಎಂದು ಸಂದರ್ಶನದಲ್ಲಿ ನಗುತ್ತ ಹೇಳಿದ್ದ, ಹೆತ್ತವಳೂ ಕಪ್ಪು ಹೆಂಗಸೇ ಎಂಬುದನ್ನು ಮರೆತವನಂತೆ. ವಾರದಿಂದ ಊರೆಲ್ಲ ಅದೇ ಮಾತು.

"ಅಮ್ಮಾ, ಭಾನುವಾರ ಟೀವಿಯಲ್ಲಿ ಕ್ಷಮೆ ಕೇಳ್ತೀನಿ. ನೀನು ಪಕ್ಕದಲ್ಲಿ ಕೂತಿರು ಸಾಕು. ಮಾತಾಡೋದೇನೂ ಬೇಡ."

"ಮಾತಾಡಿದ್ರೆ ಜಗಳ ಆಗತ್ತಲ್ಲ," ಎಂದು ಒಡೆಸ್ಸಾ ಗೊಣಗಿದಳು.

"ನಿನ್ನ ಹೆಂಡ್ತಿ ಕೂರಲ್ವೇನೋ?" ಲವರ್ನ್ ಕೇಳಿದಳು.

"ಬಿಳಿಯವಳು ಕೂತ್ರೆ ಜನ ಇನ್ನೂ ರೇಗ್ತಾರಂತೆ. ನೀನಾದ್ರೆ..." ಅವನು ಅಲ್ಲಿಗೇ ನಿಲ್ಲಿಸಿದ.

"ನಾನಾದ್ರೆ ಏನು ಮಗಾ?"

ಅವನ ಮದುವೆಯಲ್ಲಿ ಫೋಟೋ ತೆಗೆಯುವಾಗ ತನ್ನನ್ನು ಯಾರೂ ಕರೆದಿರಲಿಲ್ಲ ಎಂಬುದು ಲವರ್ನ್‌ಗೆ ನೆನಪಾಯಿತು. ಅದನ್ನು ಎತ್ತಿ ಆಡುವಷ್ಟು ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ. ಮೀನಿನ ತುಂಡೊಂದನ್ನು ಮೆಲ್ಲಗೆ ಎಣ್ಣೆಗೆ ಬಿಟ್ಟಳು.

"ಟೀವಿಗೆ ಬರಲ್ಲ ಕಣೋ, ಸುಸ್ತಾಗಿದೆ. ಮನೆಗೆ ಬಾ. ಅಲ್ಲಿ ನಿನ್ನ ಪಕ್ಕ ಕೂರ್ತೀನಿ. ಯಾರೂ ನೋಡಲ್ಲ."