ಊಟದ ಖರ್ಚು

“ಅಣ್ಣಾ, ನೀ ಇರದಿದ್ರ ಅವರಿಗೆ ಜೇಲಿನಾಗ ತುತ್ತು ಯಾರು ಹಾಕ್ತಿದ್ರು?”

ನೀಲಾವತಿ ಚಹಾ ತಂದು ಮುಂದಿಟ್ಟಳು. ಶೆಟ್ಟೆಪ್ಪ ಬಸಿಗೆ ಸುರಿದುಕೊಂಡ, ಕುಡಿಯಲಿಲ್ಲ. ಎಪ್ಪತ್ತೆರಡರ ಮಳೆಗಾಲ. ಸಾಲ ತೀರಿಸದೆ ಜೈಲು ಸೇರಿದವನಿಗೆ ಸರಕಾರ ಊಟ ಹಾಕುವುದಿಲ್ಲ, ಹೊರಗಿನವರು ಯಾರಾದರೂ ತಿಂಗಳಿಗೊಮ್ಮೆ ದುಡ್ಡು ಕಟ್ಟಬೇಕು ಎಂಬುದಷ್ಟೇ ಆಕೆಗೆ ಗೊತ್ತಿತ್ತು. ಮೊದಲಿನಿಂದಲೂ ಅಣ್ಣನೇ ಕಟ್ಟುತ್ತಿದ್ದ. ತಂಗಿಯ ಗಂಡನಿಗೆ ಇಷ್ಟು ಮಾಡುವವರು ಯಾರಿದ್ದಾರೆಂದು ಜೋಗೇಶ್ವರಿಯ ಆ ಚಾಳಿನ ಮನೆಮನೆಯೂ ಕೊಂಡಾಡುತ್ತಿತ್ತು.

“ಈ ಸಲದ್ದು ನನ್ನ ರೊಕ್ಕ,” ಎಂದು ಸೆರಗಿನ ಗಂಟು ಬಿಚ್ಚಿ ನೋಟು, ಚಿಲ್ಲರೆ ಎಲ್ಲವನ್ನೂ ಅವನ ಅಂಗೈಗೆ ಸುರಿದಳು. “ಮಂದಿಗೆ ರೊಟ್ಟಿ ಬಡದು ಕೊಟ್ಟು ಕೂಡಿಟ್ಟದ್ದು. ಬ್ಯಾಡ ಅನಬ್ಯಾಡ. ತವರಿನ ಮ್ಯಾಲೆ ಎಷ್ಟಂತ ಭಾರ ಹಾಕಲಿ?”

“ಒಂದು ವಾರದಾಗ ಹೊರಗ ಬರ್ತಾನಂತ ತಿಳದಿದ್ದೆ ನೋಡವ್ವಾ.”

ಅವನು ದುಡ್ಡನ್ನು ಎಣಿಸದೆ ಜೇಬಿಗೆ ಹಾಕಿಕೊಂಡ. ತಂಗಿಯ ಮುಖ ನೋಡಲಾಗಲಿಲ್ಲ. ಲೋಕಲ್ ರೈಲಿನಲ್ಲಿ ಸೀಟು ಖಾಲಿಯಿದ್ದರೂ ಬಾಗಿಲಲ್ಲೇ ನಿಂತ.

ಜೈಲಿನಲ್ಲಿ, ಕಬ್ಬಿಣದ ಜಾಲರಿಯ ಆಚೆ, ಅಣವೀರಪ್ಪ ಸೊರಗಿಹೋಗಿದ್ದ. ಲೆಕ್ಕ ಮಾತ್ರ ಬಾಯಿಪಾಠವಿತ್ತು.

“ಭಾವಾ, ನನ್ನ ಗಡಿಯಾರ ಮಾರಿ ಸಿದ್ದಲಿಂಗಪ್ಪನ ಕಿರಾಣಿ ಬಾಕಿ ಮುಟ್ಟಸ್ರಿ. ಸೈಕಲ್ ಮಾರಿದ್ರ ಖೋಲಿ ಬಾಡಿಗಿ ಆಗ್ತದ. ಮಂದೀದು ಒಂದು ಪೈಸೆ ಉಳಸಬ್ಯಾಡ್ರಿ.”

“ಮತ್ತ ಆ ದೊಡ್ಡ ಸಾಲ?”

“ಲೇತ್ ಮಷೀನಿಂದು? ಮಷೀನೂ ಹೋತು, ರೊಕ್ಕಾನೂ ಹೋತು. ಅದನ್ನ ಇಲ್ಲೇ ಕುಂತು ತೀರಸ್ತೀನಿ.” ಅಣವೀರಪ್ಪ ನಕ್ಕ. ಆಮೇಲೆ ದನಿ ತಗ್ಗಿಸಿದ. “ಆ ಸಾಲ ಕೊಟ್ಟವರ ಹೆಸರು ನೀಲಾಗ ನಾ ಹೇಳಿಲ್ಲ. ನೀವೂ ಹೇಳಬ್ಯಾಡ್ರಿ. ಆಕಿ ತಾಳೂದಿಲ್ಲ.”

ಶೆಟ್ಟೆಪ್ಪ ತಲೆ ಎತ್ತದೆ ಆಗಲಿ ಎಂದ. ಅಲ್ಲಿಂದ ನೇರ ದುಡ್ಡು ಕಟ್ಟುವ ಕಿಟಕಿಗೆ ಹೋಗಿ ನಿಂತ. ಗುಮಾಸ್ತ ಸೊಲ್ಲಾಪುರದವನು, ಕನ್ನಡ ಬಲ್ಲವನು.

“ಬರ್ರಿ ಶೇಟಜಿ, ಇವತ್ತ ಕಡೀ ದಿನ. ಇನ್ನೂ ಬರಲಿಲ್ಲಲ್ಲ ಅಂತ ನೋಡ್ಲಿಕತ್ತಿದ್ದೆ.”

“ಕಟ್ಟದಿದ್ರ ಏನಾಗ್ತದ್ರಿ? ಅವನ್ನ ಉಪವಾಸ ಕೆಡವ್ತೀರೇನು?”

“ಉಪವಾಸ ಯಾಕ? ನಾಳೆ ಬಿಟ್ಟು ಮನಿಗೆ ಕಳಸ್ತೀವಿ. ಕೋರ್ಟಿಗೆ ಹೋಗಿ ಸಾಲಗಾರನ್ನ ಒಳಗ ಹಾಕಿಸಿದವರೇ ಅವನ ಊಟದ ರೊಕ್ಕ ಕಟ್ಟಬೇಕು, ಅದು ಕಾಯದೆ. ಹಾಕಿಸಿದವರು ನೀವು. ಕಟ್ತೀರೋ, ಇಲ್ಲೋ?”

ಶೆಟ್ಟೆಪ್ಪ ಜೇಬಿನ ದುಡ್ಡು ತೆಗೆಯದೆಯೇ ಕಿಟಕಿಯಿಂದ ಪಕ್ಕಕ್ಕೆ ಸರಿದು, ಹಿಂದೆ ನಿಂತಿದ್ದವನಿಗೆ ಜಾಗ ಬಿಟ್ಟ.