ಬಿಗಿ ಬಳೆ

ಬಳೆ ತೆಗೆದು ಹತ್ತು ನಿಮಿಷದಲ್ಲಿ ಒಳಗೆ ಬರಬೇಕು, ಇಲ್ಲವಾದರೆ ವಾರ್ಡಿನಲ್ಲೇ ಇರಬಹುದು ಎಂದು ಹೇಳಿ ಮೇಜರ್ ಆಪರೇಷನ್ ಕೋಣೆಯ ಬಾಗಿಲು ಹಾಕಿಕೊಂಡರು. ಕೋಲಾರದ ಆ ಆಸ್ಪತ್ರೆಯ ವರಾಂಡದಲ್ಲಿ ಭಾರತಮ್ಮ ತನ್ನ ಕೈಗಳನ್ನೇ ನೋಡುತ್ತ ನಿಂತಳು. ಒಂದೊಂದು ಕೈಗೂ ನಾಲ್ಕು ನಾಲ್ಕು ಹಸಿರು ಗಾಜಿನ ಬಳೆ.

ಎರಡು ವರ್ಷದಿಂದ ಅವಳು ಇಲ್ಲಿ ನರ್ಸು. ಬಳೆಯ ಮೇಲೆ ಬಟ್ಟೆ ಸುತ್ತಿಕೊಂಡು ಆಪರೇಷನ್ ಕೋಣೆಗೆ ಹೋದರೆ ಇಲ್ಲಿನ ಡಾಕ್ಟರಮ್ಮ ಕಂಡೂ ಕಾಣದಂತಿರುತ್ತಿದ್ದರು. ಮಿಲಿಟರಿ ಆಸ್ಪತ್ರೆಯ ಆಪರೇಷನ್ ಕೋಣೆಗೆ ನರ್ಸೊಬ್ಬಳನ್ನು ಆರಿಸಲು ಬೆಂಗಳೂರಿನಿಂದ ಬಂದ ಈ ಮೇಜರ್ ಡಾಕ್ಟರು ಅಂಥ ದಾಕ್ಷಿಣ್ಯದ ಮನುಷ್ಯರಲ್ಲ. ಮೊಣಕೈವರೆಗೆ ಉಜ್ಜಿ ತೊಳೆದ ಕೈ ಬೇಕು, ಬಟ್ಟೆ ಗಿಟ್ಟೆ ನಡೆಯುವುದಿಲ್ಲ. ಒಳಗೆ ವೇಮಗಲ್ಲಿನ ರೈತನೊಬ್ಬ ಹರ್ನಿಯಾಗೆ ಕುಯ್ಯಿಸಿಕೊಳ್ಳಲು ಆಗಲೇ ಮಲಗಿದ್ದ; ಆ ಆಪರೇಷನ್ನಿನಲ್ಲಿ ಜೊತೆಗೆ ನಿಲ್ಲುವುದೇ ಅವಳಿಗೆ ಪರೀಕ್ಷೆ.

ಆ ಕೆಲಸ ಅವಳಿಗೆ ಬೇಕೇ ಬೇಕಿತ್ತು. ಗಂಡ ಸಿಪಾಯಿ, ಬರ್ಮಾದ ಕಡೆ ಹೋದವನ ಕಾಗದ ಕಂಡು ಏಳು ತಿಂಗಳು. ಸುಮ್ಮನೆ ಕೂತರೆ ಕೆಟ್ಟ ಯೋಚನೆಗಳು ಮುತ್ತಿಕೊಳ್ಳುತ್ತಿದ್ದವು. ಗಾಯಗೊಂಡು ಬಂದ ಸಿಪಾಯಿಗಳ ಪಕ್ಕ ಕತ್ತರಿ ಹಿಡಿದು ನಿಂತರೆ ಅವನಿಗೆ ಒಂದಿಷ್ಟಾದರೂ ಹತ್ತಿರವಾದಂತೆ ಎಂದು ಮನಸ್ಸು ಹಟ ಹಿಡಿದಿತ್ತು. ಆದರೆ ಹೋದ ದೀಪಾವಳಿಗೆ, ಅಪ್ಪಿತಪ್ಪಿಯೂ ಜಾರಬಾರದೆಂದು ಅತ್ತೆ ದೊಡ್ಡಮುನಿಯಮ್ಮನೇ ಬಳೆಗಾರನಿಗೆ ಹೇಳಿ ಬಿಗಿಯಾದ ಬಳೆ ತೊಡಿಸಿದ್ದಳು. ಈಗ ಅವು ಹೆಬ್ಬೆರಳ ಬುಡ ದಾಟುತ್ತಿಲ್ಲ. ಒಡೆಯಬೇಕು. ಗಂಡ ಎಲ್ಲಿದ್ದಾನೋ ತಿಳಿಯದವಳು ತನ್ನ ಕೈಯಾರೆ ಬಳೆ ಒಡೆದುಕೊಳ್ಳುವುದು ಹೇಗೆ?

ಸೊಸೆಯ ಈ ಮಿಲಿಟರಿ ಹುಚ್ಚು ಬಿಡಿಸಲೆಂದೇ ಅತ್ತೆ ಬೆಳಗ್ಗೆ ತಾಯಲೂರಿನಿಂದ ಬಂದಿದ್ದಳು. ಯುದ್ಧಕ್ಕೆ ಒಬ್ಬನನ್ನು ಕೊಟ್ಟದ್ದು ಸಾಲದೇ ಎಂದು ಬಂದಾಗಿನಿಂದ ಗೊಣಗುತ್ತಲೇ ಇದ್ದಳು. ಈಗ ಕಂಬಕ್ಕೊರಗಿ ಕೂತು ಎಲ್ಲವನ್ನೂ ನೋಡುತ್ತಿದ್ದಳು.

"ಹೋಗ್ಲಿ ಬಿಡಿ ಅತ್ತೆ. ಊರಿಗೆ ಹೋಗೋಣ," ಎಂದಳು ಭಾರತಮ್ಮ. ಕಣ್ಣು ತುಂಬಿತ್ತು.

ಮುದುಕಿ ಏಳಲಿಲ್ಲ. "ನನ್ನ ಮಗಂಗೆ ಅಲ್ಲಿ ಏಟು ಬಿದ್ರೆ, ಪಕ್ಕದಾಗೆ ನಿನ್ನಂಥೋಳು ಒಬ್ಬಳು ನಿಂತಿರ್ತಾಳಾ?"

"ಇರ್ಬೇಕು ಅತ್ತೆ. ಇಲ್ದಿದ್ರೆ ಉಳಿಯೋದು ಕಷ್ಟ."

ದೊಡ್ಡಮುನಿಯಮ್ಮ ಎದ್ದು ತೊಟ್ಟಿಯ ಬಳಿಯಿದ್ದ ಸೋಪು ತೆಗೆದುಕೊಂಡಳು. ಸೊಸೆಯ ಕೈಗೆ ನೊರೆ ಬರುವಂತೆ ಬಳಿದು, ಬೆರಳುಗಳನ್ನು ಒತ್ತಿ ಹಿಡಿದು, ಒಂದೊಂದೇ ಬಳೆಯನ್ನು ತಿರುಗಿಸುತ್ತ ಇಳಿಸತೊಡಗಿದಳು. ಹೆಬ್ಬೆರಳ ಬುಡದಲ್ಲಿ ಚರ್ಮ ಕಿತ್ತುಬಂತು. ಭಾರತಮ್ಮ ತುಟಿ ಕಚ್ಚಿ ಬಾಗಿಲ ಕಡೆಗೇ ನೋಡುತ್ತಿದ್ದಳು. ಎಂಟರಲ್ಲಿ ಒಂದೂ ಒಡೆಯಲಿಲ್ಲ.

ಕರ್ಚೀಪಿನಲ್ಲಿ ಕಟ್ಟಿಡಲು ಹೋದ ಸೊಸೆಯನ್ನು ಅತ್ತೆ ತಡೆದಳು. "ಗಂಟು ಕಟ್ಟಿ ಇಡೋದಲ್ಲ ಕಣೇ ಇವು. ಕೈಯಾಗೇ ಇರ್ಬೇಕು." ಹಾಗೆಂದವಳೇ ಎಂಟನ್ನೂ ತನ್ನ ಕೈಗೇರಿಸಿಕೊಂಡಳು. ಗಂಡ ಸತ್ತ ಮೇಲೆ ಹನ್ನೆರಡು ವರ್ಷ ಬರಿದಾಗಿದ್ದ, ಒಣಗಿ ಸಣ್ಣಗಾದ ಕೈಗಳು. ಬಳೆ ಸಲೀಸಾಗಿ ಹೋದವು. ಅತ್ತಿಂದ ಬರುತ್ತಿದ್ದ ಆಯಾ, ವಿಧವೆಯ ಕೈಯಲ್ಲಿ ಹಸಿರು ಬಳೆ ಕಂಡು ನಡೆಯುವುದನ್ನೇ ಮರೆತು ನಿಂತಳು. "ಟೈಮಾಯ್ತು, ಹೋಗು," ಎಂದು ಅತ್ತೆ ಸೊಸೆಯ ಬೆನ್ನು ತಳ್ಳಿದಳು.

ಒಂದು ಗಂಟೆ ಕಳೆದು ಸೊಸೆ ಓಡುತ್ತ ಹೊರಗೆ ಬಂದಳು. ಸೋಮವಾರವೇ ಬೆಂಗಳೂರಿಗೆ ಹೊರಡಬೇಕೆಂದು ಮೇಜರ್ ಹೇಳಿದ್ದರು. ಅತ್ತೆ ಕೂತ ಕಡೆಯೇ ಕೂತಿದ್ದಳು. ಮೊಣಕೈ ಮೇಲೆ ನೊಣ ಕೂತಿದ್ದರೂ, ಬಳೆ ಒಂದಕ್ಕೊಂದು ತಾಗಿ ಒಡೆದೀತೆಂದು ಕೈ ಅಲುಗಿಸದೆ ಕೂತಿದ್ದಳು.

"ಅಲ್ಲಿ ದಿನಾ ತೆಗೀಬೇಕಂತೆ ಅತ್ತೆ," ಎಂದಳು ಭಾರತಮ್ಮ, ಸಣ್ಣ ದನಿಯಲ್ಲಿ.

"ಹಂಗಾದ್ರೆ ನನ್ನ ಕೈಯಾಗೇ ಇರ್ಲಿ," ಎಂದು ದೊಡ್ಡಮುನಿಯಮ್ಮ ಮೇಲೆದ್ದಳು. "ಊರೋರು ಏನಾದ್ರೂ ಅಂದ್ಕೊಳ್ಲಿ. ನನ್ನ ಮಗನೇ ಬಂದು ತೆಗೆದು ನಿನ್ನ ಕೈಗೆ ಹಾಕ್ಲಿ."