ಹೋಟೆಲಿನವರಿಗೆ ಒಂದು ಗಂಟೆ ಮೊದಲು

ನಸುಕಿನಲ್ಲಿ ಮನರಂಜನಾ ಪಾರ್ಕಿನ ಗೇಟು ಕಿರ್ರೆಂದಿತು. ಅಲ್ಲಿಯ ಹೋಟೆಲಿನಲ್ಲಿ ಉಳಿದವರಿಗೆ ಒಂದು ಗಂಟೆ ಮೊದಲೇ ಪ್ರವೇಶ. ಆ ಗಂಟೆಯಲ್ಲಿ, ಅಂದಿನ ಸಂಜೆ ಅಲ್ಲಿ ನಡೆಯಲಿರುವುದೆಲ್ಲ ಮಂಜಿನೊಳಗೆ ಮುಂಚಿತವಾಗಿ ಕಾಣುತ್ತಿತ್ತು. ತಾಯಂದಿರು, ತಮ್ಮ ಮಕ್ಕಳು ಆಟಗಳಿಂದ ಕ್ಷೇಮವಾಗಿ ಇಳಿಯುವುದನ್ನು ಅದರಲ್ಲಿ ನೋಡಿಕೊಂಡು, ಆಕಳಿಸುತ್ತ ತಿಂಡಿಗೆ ಹೋಗುತ್ತಿದ್ದರು.

ಮಂದಾಕಿನಿಯೂ ಮಗಳು ಇಂಪನಳಿಗಾಗಿ ಕಣ್ಣು ನೆಟ್ಟು ನಿಂತಳು. ಸಂಜೆಯ ರೋಲರ್ ಕೋಸ್ಟರ್ ಸದ್ದಿಲ್ಲದೆ ತೇಲಿಬಂತು. ಮಗಳು ಕ್ಷೇಮ. ಅವಳ ಪಕ್ಕದಲ್ಲಿ ಕೂದಲು ಕೆದರಿಕೊಂಡು, ಎರಡೂ ಕೈ ಎತ್ತಿ ನಗುತ್ತಿದ್ದವಳು ತಾನೇ! ಜೋಕಾಲಿಗೂ ಹೆದರುವ ತಾನು!

"ಏನೇ, ಏನ್ ಕಾಣಿಸ್ತು?" ತಿಂಡಿಯ ಮೇಜಿನ ಬಳಿ ಗಂಡ ಕೇಳಿದ.

"ಇನ್ನೇನಪ್ಪ? ಅಮ್ಮ ಕೆಳಗೆ ನಿಂತು ನಮ್ ಚಪ್ಪಲಿ ಕಾಯ್ತಾ ಇರ್ತಾಳೆ, ಅಷ್ಟೇ!" ಎಂದಳು ಇಂಪನ.

"ಎಲ್ಲ ಕ್ಷೇಮ," ಎಂದಳು ಮಂದಾಕಿನಿ. ಮಿಕ್ಕದ್ದನ್ನು ಯಾರಿಗೂ ಹೇಳಬಾರದು, ಸಂಜೆಯವರೆಗೆ ತನ್ನೊಬ್ಬಳಿಗೇ ಇರಲಿ ಎಂದುಕೊಂಡು ಇಡ್ಲಿ ಮುರಿದಳು.